ಸ್ಮಾರ್ಟ್ ಬೋರ್ಡ್ ಖರೀದಿಸುವ ಮೊದಲು ಶಿಕ್ಷಕರನ್ನು ಕೇಳಿ

ಶಾಲಾ ದಾಖಲಾತಿಯ ದಿನಗಳು ಬಂತೆಂದರೆ ಪಟ್ಟಣಗಳ ಬೀದಿಗಳಲ್ಲಿ ಫ್ಲೆಕ್ಸ್‌ಗಳು ತಲೆಯೆತ್ತುತ್ತವೆ. ಶಾಲಾ ವಾಹನ, ಆಟದ ಮೈದಾನ, ಕರಾಟೆ ತರಬೇತಿಗಳ ಜೊತೆ 'ಸ್ಮಾರ್ಟ್ ಕ್ಲಾಸ್' ಎಂಬ ಪದ ಅಲ್ಲಿ ಎದ್ದು ಕಾಣುತ್ತದೆ. ಹೆತ್ತವರು ಅದನ್ನು ನಂಬಿ ಮಕ್ಕಳನ್ನು ಸೇರಿಸುತ್ತಾರೆ. ಆದರೆ ಆ ಬೋರ್ಡನ್ನು ದಿನವೂ ಬಳಸಬೇಕಾದ ಶಿಕ್ಷಕರಿಗೆ ಅದರ ತರಬೇತಿ ಸಿಕ್ಕಿದೆಯೇ? ಖರೀದಿಗೆ ಮೊದಲು ಅವರ ಅಭಿಪ್ರಾಯ ಕೇಳಲಾಗಿದೆಯೇ? ಈ ಪ್ರಶ್ನೆಯನ್ನು ಆಡಳಿತ ಮಂಡಳಿಯೂ ಕೇಳುವುದಿಲ್ಲ, ಹೆತ್ತವರೂ ಕೇಳುವುದಿಲ್ಲ.

ಯಂತ್ರ ಬಂದ ಮಾತ್ರಕ್ಕೆ ಕಲಿಕೆ ಬರುವುದಿಲ್ಲ ಎಂಬುದನ್ನು ಜಗತ್ತು ದೊಡ್ಡ ಬೆಲೆ ತೆತ್ತು ಕಲಿತಿದೆ. 2005ರಲ್ಲಿ ಅಮೆರಿಕದ ನಿಕೋಲಸ್ ನೆಗ್ರೊಪಾಂಟೆ 'ಪ್ರತಿ ಮಗುವಿಗೊಂದು ಲ್ಯಾಪ್‌ಟಾಪ್' ಎಂಬ ಯೋಜನೆಯನ್ನು ಮುಂದಿಟ್ಟರು. ಪೆರು ದೇಶವು ಲಕ್ಷಾಂತರ ಲ್ಯಾಪ್‌ಟಾಪ್‌ಗಳನ್ನು ಮಕ್ಕಳಿಗೆ ಹಂಚಿತು. ಅಲ್ಲಿನ ಗ್ರಾಮೀಣ ಶಾಲೆಗಳ ಕುರಿತು ಅಂತರ-ಅಮೆರಿಕನ್ ಅಭಿವೃದ್ಧಿ ಬ್ಯಾಂಕ್ 2012ರಲ್ಲಿ ಪ್ರಕಟಿಸಿದ ಅಧ್ಯಯನವು, ಗಣಿತ ಮತ್ತು ಭಾಷೆಯ ಪರೀಕ್ಷೆಗಳಲ್ಲಿ ಮಕ್ಕಳು ಸುಧಾರಿಸಿದ್ದಕ್ಕೆ ಪುರಾವೆ ಸಿಗಲಿಲ್ಲ ಎಂದಿತು. ತಂತ್ರಜ್ಞಾನವು ಶಿಕ್ಷಕರಿಗೆ ಪೂರಕವಾಗಬೇಕೇ ಹೊರತು ಪರ್ಯಾಯವಾಗಬಾರದು ಎಂದು ಯುನೆಸ್ಕೋ ತನ್ನ 2023ರ ವರದಿಯಲ್ಲಿ ಎಚ್ಚರಿಸಿತು.

ಹಾಗಂತ, ತಂತ್ರಜ್ಞಾನವೇ ಬೇಡವೆಂದು ಇದರರ್ಥವಲ್ಲ. ಪಾಠದ ಯಾವ ಜಾಗದಲ್ಲಿ ಮಕ್ಕಳು ಎಡವುತ್ತಾರೆ ಎಂಬುದು ಶಿಕ್ಷಕರಿಗೆ ಗೊತ್ತಿರುತ್ತದೆ. ಆ ಜಾಗಕ್ಕೆ ತಕ್ಕ ಸಾಧನವನ್ನು ಅವರೇ ಆರಿಸಿಕೊಂಡಾಗ ಫಲ ಸಿಗುತ್ತದೆ. ಅಂಥ ಸಾಧನಗಳಲ್ಲಿ ಹಲವು ಉಚಿತ. ತ್ರಿಭುಜದ ಮೂರು ಕೋನಗಳ ಮೊತ್ತ 180 ಡಿಗ್ರಿ ಎಂದು ಬಾಯಿಪಾಠ ಮಾಡಿಸುವುದು ಸುಲಭ, ನಂಬಿಸುವುದು ಕಷ್ಟ. 'ಜಿಯೋಜಿಬ್ರಾ' ಎಂಬ ತಂತ್ರಾಂಶದಲ್ಲಿ ತ್ರಿಭುಜದ ಒಂದು ಮೂಲೆಯನ್ನು ಎಳೆದರೆ ಮೂರೂ ಕೋನಗಳು ಬದಲಾಗುತ್ತವೆ, ಮೊತ್ತ ಮಾತ್ರ ಕದಲುವುದಿಲ್ಲ. ಮಗು ಅದನ್ನು ಕಣ್ಣಾರೆ ಕಾಣುತ್ತದೆ. ಅಮೆರಿಕದ ಕೊಲರಾಡೊ ವಿಶ್ವವಿದ್ಯಾನಿಲಯದಲ್ಲಿ ನೊಬೆಲ್ ಪುರಸ್ಕೃತ ವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಆರಂಭಿಸಿದ 'ಫೆಟ್' ಯೋಜನೆಯಲ್ಲಿ ವಿಜ್ಞಾನದ ಪ್ರಯೋಗಗಳನ್ನು ಪರದೆಯ ಮೇಲೆಯೇ ಮಾಡಬಹುದು. ಸರಣಿಯಲ್ಲಿ ಜೋಡಿಸಿದ ಬಲ್ಬುಗಳಲ್ಲಿ ಒಂದನ್ನು ತೆಗೆದರೆ ಎಲ್ಲವೂ ಏಕೆ ಆರುತ್ತವೆ, ಸಮಾಂತರ ಜೋಡಣೆಯಲ್ಲಿ ಏಕೆ ಆರುವುದಿಲ್ಲ ಎಂಬುದನ್ನು ಪ್ರಯೋಗಾಲಯವಿಲ್ಲದ ಶಾಲೆಯ ಮಗುವೂ ತಿಳಿಯಬಹುದು. ಒಮ್ಮೆ ಇಳಿಸಿಕೊಂಡರೆ ಇಂಟರ್ನೆಟ್ ಇಲ್ಲದೆಯೂ ಇವು ನಡೆಯುತ್ತವೆ.

ಇನ್ನೊಂದು ಸಾಧನವಂತೂ ಬಡ ಶಾಲೆಗಳಿಗೆಂದೇ ಹುಟ್ಟಿದಂತಿದೆ. ಅದರ ಹೆಸರು 'ಪ್ಲಿಕರ್ಸ್'. ಮಕ್ಕಳ ಕೈಯಲ್ಲಿ ಫೋನು ಬೇಡ, ಮುದ್ರಿತ ಕಾಗದದ ಒಂದೊಂದು ಕಾರ್ಡು ಸಾಕು. ಶಿಕ್ಷಕರು ನಾಲ್ಕು ಉತ್ತರಗಳಿರುವ ಪ್ರಶ್ನೆ ಕೇಳುತ್ತಾರೆ. ತಾನು ಆರಿಸಿದ ಉತ್ತರಕ್ಕೆ ತಕ್ಕಂತೆ ಮಗು ಕಾರ್ಡನ್ನು ತಿರುಗಿಸಿ ಎತ್ತಿ ಹಿಡಿಯುತ್ತದೆ. ಶಿಕ್ಷಕರು ತಮ್ಮ ಮೊಬೈಲ್ ಕ್ಯಾಮೆರಾವನ್ನು ಒಮ್ಮೆ ತರಗತಿಯತ್ತ ಹಾಯಿಸಿದರೆ, ಯಾರಿಗೆ ಅರ್ಥವಾಗಿದೆ, ಯಾರಿಗೆ ಆಗಿಲ್ಲ ಎಂಬುದು ತಿಳಿಯುತ್ತದೆ. ಕೈ ಎತ್ತಲು ನಾಚುವ, ಹಿಂದಿನ ಬೆಂಚಿನಲ್ಲಿ ಮೌನವಾಗಿ ಕುಳಿತುಕೊಳ್ಳುವ ಮಗುವಿನ ಉತ್ತರವೂ ಶಿಕ್ಷಕರನ್ನು ತಲುಪುತ್ತದೆ. ಲಕ್ಷಾಂತರ ರೂಪಾಯಿಯ ಪರದೆ ಕೂಡ ಅನೇಕ ಬಾರಿ ಮಾಡದ ಕೆಲಸವಿದು.

ಕನ್ನಡದಲ್ಲಿ ಸಂಪನ್ಮೂಲವಿಲ್ಲ ಎಂಬ ದೂರಿನಲ್ಲಿ ಈಗ ಹುರುಳಿಲ್ಲ. 2017ರಲ್ಲಿ ಕೇಂದ್ರ ಸರಕಾರ ಆರಂಭಿಸಿದ 'ದೀಕ್ಷಾ' ವೇದಿಕೆಯಲ್ಲಿ ಕನ್ನಡದ ಪಾಠಗಳಿವೆ. ಪಠ್ಯಪುಸ್ತಕದ ಕ್ಯೂಆರ್ ಸಂಕೇತವನ್ನು ಸ್ಕ್ಯಾನ್ ಮಾಡಿದರೆ ಅವು ತೆರೆದುಕೊಳ್ಳುತ್ತವೆ. ಪುಸ್ತಕ ಮಗುವಿನ ಚೀಲದಲ್ಲೇ ಇದೆ. ಆ ಚೌಕದ ಗುರುತು ಏನೆಂದು ಎಷ್ಟು ಮನೆಗಳಲ್ಲಿ ಗೊತ್ತಿದೆ?

ಇನ್ನೊಂದು ವಾಸ್ತವವನ್ನೂ ನಾವು ಮರೆಯಬಾರದು. 2020ರ ಮಾರ್ಚ್‌ನಲ್ಲಿ ಕೊರೋನಾದಿಂದಾಗಿ ಶಾಲೆಗಳು ಮುಚ್ಚಿದಾಗ, ಒಂದೇ ಫೋನಿರುವ ಮನೆಗಳ ಕತೆ ಏನಾಯಿತು? ತಂದೆ ಕೆಲಸಕ್ಕೆ ಹೊರಟಾಗ ಫೋನೂ ಹೊರಟಿತು. ರಾತ್ರಿ ಮರಳಿದಾಗ ಮೊದಲು ಮಗನಿಗೆ, ಡೇಟಾ ಉಳಿದರೆ ಮಗಳಿಗೆ ಎಂಬ ಸ್ಥಿತಿ ಎಷ್ಟೋ ಮನೆಗಳಲ್ಲಿತ್ತು. ಚಂದನ ವಾಹಿನಿಯ 'ಸಂವೇದ' ಪಾಠಗಳು, ಶಿಕ್ಷಕರೇ ಮಕ್ಕಳ ಬಳಿಗೆ ಹೋದ 'ವಿದ್ಯಾಗಮ' ಆ ಕೊರತೆಯನ್ನು ತುಸುವಾದರೂ ತುಂಬಲು ಯತ್ನಿಸಿದವು. ಇಂದು ಮನೆಗೆಲಸವನ್ನು ವಾಟ್ಸಾಪ್‌ಗೆ ಹಾಕಿ ಕೈತೊಳೆದುಕೊಳ್ಳುವ ಶಾಲೆಗಳು ಆ ದಿನಗಳನ್ನು ನೆನಪಿಸಿಕೊಳ್ಳಬೇಕು. ಮನೆಯಲ್ಲಿ ಫೋನಿಲ್ಲದ್ದು ಮಗುವಿನ ತಪ್ಪಲ್ಲ. ಹಾಗೆಯೇ, ಪ್ರಶ್ನೆಪತ್ರಿಕೆ ತಯಾರಿಸಲು ಚಾಟ್‌ಜಿಪಿಟಿಯ ನೆರವು ಪಡೆಯುವ ಶಿಕ್ಷಕರು, ಅದು ತಪ್ಪನ್ನೂ ಅಷ್ಟೇ ಆತ್ಮವಿಶ್ವಾಸದಿಂದ ಹೇಳುತ್ತದೆ ಎಂಬುದನ್ನು ಅರಿತಿರಬೇಕು. ಯಂತ್ರ ಕೊಟ್ಟದ್ದನ್ನು ಪರೀಕ್ಷಿಸುವ ಜ್ಞಾನ ಶಿಕ್ಷಕರಲ್ಲೇ ಇರಬೇಕು.

ಆದ್ದರಿಂದ, ಶಾಲೆ ನಡೆಸುವ ಟ್ರಸ್ಟ್‌ಗಳು ಮತ್ತು ಅವುಗಳಿಗೆ ನೆರವಾಗುವ ದಾನಿಗಳು ಆದ್ಯತೆಯನ್ನು ಬದಲಿಸಬೇಕು. ಬೋರ್ಡಿಗೆ ಮೀಸಲಿಟ್ಟ ಹಣದ ಒಂದು ಪಾಲು ಶಿಕ್ಷಕರ ತರಬೇತಿಗೆ ಹೋಗಲಿ. ವಾರದಲ್ಲಿ ಒಂದು ಪೀರಿಯಡ್ಡಾದರೂ ಶಿಕ್ಷಕರು ಒಟ್ಟಿಗೆ ಕುಳಿತು ಕಲಿಯಲು ಬಿಡುವು ಸಿಗಲಿ. ಅಂಕಿಅಂಶ ತುಂಬಿಸುವ ಕೆಲಸದಿಂದ ಅವರನ್ನು ಸಾಧ್ಯವಾದಷ್ಟು ಮುಕ್ತಗೊಳಿಸಲಿ. ಎಲ್ಲಕ್ಕಿಂತ ಮುಖ್ಯವಾಗಿ, ಗೌರವಯುತ ಸಂಬಳ ಸಿಗಲಿ. ಹೆತ್ತವರು ಕೂಡಾ ಮುಂದಿನ ಸಭೆಯಲ್ಲಿ 'ಸ್ಮಾರ್ಟ್ ಬೋರ್ಡ್ ಇದೆಯೇ' ಎಂದು ಕೇಳುವ ಬದಲು, 'ಅದರಿಂದ ಈ ತಿಂಗಳು ನಮ್ಮ ಮಕ್ಕಳು ಏನು ಕಲಿತರು' ಎಂದು ಕೇಳಲಿ. ಆ ಪ್ರಶ್ನೆಗೆ ಉತ್ತರಿಸಬಲ್ಲ ಶಿಕ್ಷಕರಿರುವ ಶಾಲೆಯೇ ನಿಜವಾದ ಸ್ಮಾರ್ಟ್ ಶಾಲೆ. ಉಳಿದದ್ದು ಬರೇ ಫ್ಲೆಕ್ಸ್.