ಗಾಜಿನೊಳಗಿನ ಇಸವಿ ಜನ್ಮಪತ್ರವಲ್ಲ



ಯಳಂದೂರಿನ ಹಳೆಯ ಮನೆಯೊಂದರಲ್ಲಿ ಪಾಲಾಯಿತು. ಹೊಲ, ಹಿತ್ತಿಲು, ಪಾತ್ರೆಪಡಗಗಳೆಲ್ಲ ತಕರಾರಿಲ್ಲದೆ ಹಂಚಿಹೋದವು. ಉಳಿದದ್ದು ಗಾಜಿನದೊಂದು ಪೇಪರ್‌ವೇಟ್. ಒಳಗೆ ಬಣ್ಣದ ಹೂಗಳ ಸುತ್ತು, ಅವುಗಳ ನಡುವೆ 1848 ಎಂಬ ಅಂಕಿ. ಮೈಸೂರು ಜಿಲ್ಲೆಯ ಆಂಗ್ಲ ಅಧಿಕಾರಿ 1910ರಲ್ಲಿ ಕೊಳ್ಳೇಗಾಲದ ಜಮಾಬಂದಿಗೆ ಬಂದಾಗ ಮುತ್ತಜ್ಜನಿಗೆ ಕೊಟ್ಟದ್ದೆಂದೂ, ಲಕ್ಷಗಟ್ಟಲೆ ಬಾಳುವುದೆಂದೂ ಮಾತು ಹುಟ್ಟಿತು. ಅಣ್ಣತಮ್ಮಂದಿರು ಮಾತು ಬಿಟ್ಟರು. ಇಬ್ಬರೂ ನನ್ನ ವಿದ್ಯಾರ್ಥಿಗಳೇ, ನಾನು ಸುಮ್ಮನಿರಲಾರೆ.

ಮೊದಲು ಕಥೆಯನ್ನೇ ನೋಡೋಣ. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲವು ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಮೈಸೂರಿನ ಅಧಿಕಾರಿಗೆ ಅಲ್ಲಿ ಜಮಾಬಂದಿಯ ಕೆಲಸವೇನು?

ಇನ್ನು ಇಸವಿ. ಬಣ್ಣದ ಗಾಜಿನ ಕಡ್ಡಿಗಳನ್ನು ಕಂತೆ ಕಟ್ಟಿ, ಕಾಯಿಸಿ, ಸಣ್ಣಗೆ ಎಳೆದು, ಬಿಲ್ಲೆಗಳಾಗಿ ಕತ್ತರಿಸಿ ಜೋಡಿಸಿದರೆ ಹೂವಾಗುತ್ತದೆ. ಅಂಕಿಯೂ ಅಂಥದೇ ಬಿಲ್ಲೆ. ಯಾವ ವರ್ಷದಲ್ಲಾದರೂ ಯಾವ ಇಸವಿಯನ್ನಾದರೂ ಕೂರಿಸಬಹುದು. ಫ್ರಾನ್ಸಿನ ಬಕಾರಾ ಕಾರ್ಖಾನೆ 1846ರಿಂದ 1849ರವರೆಗಿನ ಇಸವಿಗಳನ್ನು ನಿಜವಾಗಿಯೇ ಹಾಕಿತ್ತು. ಆದರೆ 1848 ಎಂದಿರುವ ಇಂಗ್ಲಿಷ್ ಪೇಪರ್‌ವೇಟ್‌ಗಳ ಸಂಗತಿ ಬೇರೆ. ಲಂಡನ್ನಿನ ವೈಟ್‌ಫ್ರಯರ್ಸ್ ಕಾರ್ಖಾನೆಯವೆಂದು ಬಹುಕಾಲ ನಂಬಲಾಗಿದ್ದ ಇವುಗಳಲ್ಲಿ ಹೆಚ್ಚಿನವು 20ನೇ ಶತಮಾನದ ಮೊದಲ ದಶಕಗಳಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ತಯಾರಾದವೆಂದು ಈಗಿನ ತಜ್ಞರು ಹೇಳುತ್ತಾರೆ.

‘ತಳ ಸವೆದಿದೆಯಲ್ಲ ಮೇಷ್ಟ್ರೇ’ ಎಂದು ಹನೂರಿನ ಬಂಧುವೊಬ್ಬರು ವಾದಿಸಿದರು. ಸವೆತಕ್ಕೂ ಸುಳ್ಳಾಡಲು ಬರುತ್ತದೆ. ಮೇಜಿನ ಮೇಲೆ ದಶಕಗಳ ಕಾಲ ಜರುಗಿದ ಗಾಜಿನಲ್ಲಿ ಗೀರುಗಳು ಅಡ್ಡಾದಿಡ್ಡಿಯಾಗಿ, ತಳ ತಾಗುವ ಅಂಚಿನಲ್ಲಿರುತ್ತವೆ. ಉಪ್ಪುಕಾಗದದಿಂದ ಉಜ್ಜಿದರೆ ಒಂದೇ ದಿಕ್ಕಿಗೆ ಸಾಲಾಗಿರುತ್ತವೆ. ಸವೆತ ನಿಜವಾಗಿದ್ದರೂ ಅದು ಬಳಕೆಯನ್ನು ಹೇಳೀತೇ ಹೊರತು ಇಸವಿಯನ್ನಲ್ಲ.

ಕೊಳ್ಳೇಗಾಲದ ಅಂಗಡಿಯಲ್ಲಿ ರೇಷ್ಮೆಯ ಬಗ್ಗೆ ಸಂಶಯ ಬಂದರೆ ಚೀಟಿಯನ್ನು ನಂಬದೆ ಎಳೆಯೊಂದನ್ನು ಸುಟ್ಟು ಮೂಸಿ ನೋಡುವ ಜನ ನಾವು. ಇಂಗ್ಲಿಷರ ವಸ್ತುವೆಂದೊಡನೆ ಆ ವಿವೇಕ ಎಲ್ಲಿ ಅಡಗುತ್ತದೆ? ತಪ್ಪು ನನ್ನದೂ ಹೌದು. ಇಸವಿಗಳನ್ನು ಬಾಯಿಪಾಠ ಮಾಡಿಸಿದೆ. ಇಸವಿಯನ್ನು ಪ್ರಶ್ನಿಸುವುದನ್ನು ಕಲಿಸಲಿಲ್ಲ.

ಅದು 1848ರದಲ್ಲದಿದ್ದರೆ ಕಸವೆಂದು ನಾನು ಹೇಳುತ್ತಿಲ್ಲ. ಮುತ್ತಜ್ಜನ ಲೆಕ್ಕದ ಕಾಗದಗಳನ್ನು ಕಾದ ಗಾಜು ಅದು. ಆ ಬೆಲೆ ಇಬ್ಬರಿಗೂ ಸಮ. ಭಾನುವಾರ ಇಬ್ಬರೂ ಒಟ್ಟಿಗೆ ಬನ್ನಿ. ಭೂತಗನ್ನಡಿ ನನ್ನಲ್ಲಿದೆ.