ಬಯಾಪ್ಸಿ ಎಂದರೆ ಕ್ಯಾನ್ಸರ್ ಅಲ್ಲ

ನಿಮ್ಮ ಮನೆಯಲ್ಲಿ ಹದಿನಾರರ ಮಗಳಿದ್ದಾಳೆ ಎಂದಿಟ್ಟುಕೊಳ್ಳಿ. ಊಟ ಸರಿಯಾಗಿಯೇ ಮಾಡುತ್ತಾಳೆ, ತೂಕ ಮಾತ್ರ ಏರುವುದಿಲ್ಲ. ಆಗಾಗ ಭೇದಿ, ಹೊಟ್ಟೆಯುಬ್ಬರ. ತಿಂಗಳುಗಟ್ಟಲೆ ಕಬ್ಬಿಣಾಂಶದ ಮಾತ್ರೆ ನುಂಗಿದರೂ ರಕ್ತಹೀನತೆ ಹೋಗಿಲ್ಲ. ‘ನಜರ್ ತಾಗಿದೆ’ ಎನ್ನುತ್ತಾರೆ ದಾದಿ. ಕುಡತಿನಿಯಿಂದ ಬಳ್ಳಾರಿಗೆ ಕರೆದೊಯ್ದರೆ, ಮಲ ಮತ್ತು ರಕ್ತ ಪರೀಕ್ಷೆಯ ಬಳಿಕ ವೈದ್ಯರು ‘ಕರುಳಿನ ಬಯಾಪ್ಸಿ ಮಾಡೋಣ’ ಎನ್ನುತ್ತಾರೆ. ಮನೆಯವರ ಮುಖ ಬಾಡುತ್ತದೆ. ಇದು ಕ್ಯಾನ್ಸರ್ ಇರಬಹುದೇ? ಸುದ್ದಿ ಹಬ್ಬಿದರೆ ನಾಳೆ ನಿಕಾಹ್‌ಗೆ ಅಡ್ಡಿಯಾದೀತೇ? ಈ ಭಯದಿಂದ ಟಾನಿಕ್ ಬಾಟಲಿ ಹಿಡಿದು ಮರಳುವುದು ಮಗಳಿಗೆ ಮಾಡುವ ಅನ್ಯಾಯ.

ಸಣ್ಣ ಕರುಳಿನ ಒಳಗೋಡೆಯಲ್ಲಿ ಟವೆಲ್‌ನ ಎಳೆಗಳಂಥ ಸೂಕ್ಷ್ಮ ಕುಚ್ಚುಗಳಿವೆ. ಆಹಾರದ ಸತ್ವ ಹೀರುವುದು ಅವುಗಳ ಮೂಲಕವೇ. ಅವು ಸವೆದರೆ ತಿಂದದ್ದು ಮೈಗೆ ಹತ್ತದು. ಸವೆಯಲು ಗೋಧಿಯ ಗ್ಲುಟನ್ ಒಗ್ಗದ ಸೀಲಿಯಾಕ್ ಕಾಯಿಲೆ ಕಾರಣವಿರಬಹುದು, ಟ್ರಾಪಿಕಲ್ ಸ್ಪ್ರೂ ಇರಬಹುದು. ಕೊಳಕು ನೀರಿನಿಂದ ಬರುವ ಜಿಯಾರ್ಡಿಯಾ ಕೂಡ ಸತ್ವ ಹೀರುವಿಕೆಯನ್ನು ಕೆಡಿಸುತ್ತದೆ. ವೆಲ್ಲೂರಿನ ಸಿಎಂಸಿ ವೈದ್ಯರು 1960ರ ದಶಕದಲ್ಲೇ ಸುತ್ತಲಿನ ಹಳ್ಳಿಗಳಲ್ಲಿ ಹರಡಿದ್ದ ಸ್ಪ್ರೂವನ್ನು ಅಧ್ಯಯನ ಮಾಡಿದ್ದರು. ಸ್ಪ್ರೂಗೆ ಫೋಲಿಕ್ ಆಮ್ಲ ಮತ್ತು ಕೆಲವು ತಿಂಗಳ ಆಂಟಿಬಯಾಟಿಕ್ ಸಾಕು. ಸೀಲಿಯಾಕ್ ಇದ್ದರೆ ಜೀವನಪೂರ್ತಿ ಗೋಧಿ ಬಿಡಬೇಕು. ಇಷ್ಟು ದೊಡ್ಡ ನಿರ್ಧಾರವನ್ನು ಊಹೆಯ ಮೇಲೆ ಮಾಡಬಹುದೇ?

ಪರೀಕ್ಷೆ ಸರಳ. ಖಾಲಿ ಹೊಟ್ಟೆಯಲ್ಲಿ ಬರಹೇಳುತ್ತಾರೆ. ಗಂಟಲಿಗೆ ಮರಗಟ್ಟಿಸುವ ಔಷಧಿ ಸಿಂಪಡಿಸಿ ಅಥವಾ ಮಂಪರು ಬರುವ ಚುಚ್ಚುಮದ್ದು ಕೊಟ್ಟು, ಬಾಯಿಯ ಮೂಲಕ ತೆಳ್ಳಗಿನ ಎಂಡೋಸ್ಕೋಪ್ ಇಳಿಸುತ್ತಾರೆ. ಸಣ್ಣ ಕರುಳಿನ ಮೊದಲ ಭಾಗದಿಂದ ಅಕ್ಕಿಕಾಳಿಗಿಂತ ಚಿಕ್ಕದಾದ ಐದಾರು ಚೂರು ತೆಗೆಯುತ್ತಾರೆ. ಹೊಲಿಗೆಯಿಲ್ಲ, ಚೂರು ತೆಗೆಯುವಾಗ ನೋವಾಗದು. ರಕ್ತಸ್ರಾವದಂಥ ತೊಂದರೆ ಅಪರೂಪ. ರಕ್ತ ತೆಳುಮಾಡುವ ಮಾತ್ರೆ ಸೇವಿಸುತ್ತಿದ್ದರೆ ಮೊದಲೇ ತಿಳಿಸಿ.

ಒಂದು ಎಚ್ಚರಿಕೆ: ಯಾರದೋ ಮಾತು ಕೇಳಿ ಪರೀಕ್ಷೆಗೆ ಮುನ್ನವೇ ಗೋಧಿ ಬಿಡಬೇಡಿ. ಬಿಟ್ಟರೆ ಕರುಳು ಚೇತರಿಸಿಕೊಂಡು ಸೀಲಿಯಾಕ್ ಪತ್ತೆಯಾಗದೇ ಹೋಗಬಹುದು.

ಸೀಲಿಯಾಕ್ ಎಂದೇ ತಿಳಿದರೂ ಎದೆಗುಂದಬೇಡಿ. ಚಪಾತಿ, ಪರೋಟ, ಗೋಧಿ ಹಾಕಿದ ಹಲೀಮ್, ಶೀರ್ ಖುರ್ಮಾದ ಶ್ಯಾವಿಗೆ ಬಿಡಬೇಕು, ನಿಜ. ಆದರೆ ನಮ್ಮ ಸೀಮೆಯ ಜೋಳದ ರೊಟ್ಟಿ, ಸಜ್ಜೆ, ರಾಗಿ, ಅನ್ನ, ಬಿರಿಯಾನಿ ತಿನ್ನಬಹುದು. ಹಿಟ್ಟು ಬೀಸುವಾಗ ಗೋಧಿ ಬೆರೆಯದಂತೆ ನೋಡಿಕೊಳ್ಳಿ.

ಮಗಳಿಗಾಗಿ ದುಆ ಮಾಡಿ. ಜೊತೆಗೆ ವೈದ್ಯರು ಬರೆದ ಆ ಚೀಟಿಯನ್ನೂ ಮಡಿಚಿಡದೆ ಪರೀಕ್ಷೆ ಮಾಡಿಸಿ.