ಕಾನ್ಪುರದ ಗುಜರಿ, ಬೆಂಗಳೂರಿನ ಕೈಗಳು

1968ರ ಡಿಸೆಂಬರ್ 31ರಂದು ಭಾರತೀಯ ವಾಯುಪಡೆ ತನ್ನ ಲಿಬರೇಟರ್ ಬಾಂಬರುಗಳಿಗೆ ನಿವೃತ್ತಿ ಕೊಟ್ಟಿತು. ಅವನ್ನು ಕಟ್ಟಿದ ಅಮೆರಿಕವಾಗಲಿ, ಇಲ್ಲಿಗೆ ತಂದ ಬ್ರಿಟನ್ನಾಗಲಿ ಆ ಹೊತ್ತಿಗೆ ಅವನ್ನು ಕೈಬಿಟ್ಟು ಬಹುಕಾಲವಾಗಿತ್ತು. ಜಗತ್ತಿನಲ್ಲಿ ಕೊನೆಯವರೆಗೂ ಲಿಬರೇಟರನ್ನು ದುಡಿಸಿಕೊಂಡ ಸೇನೆ ನಮ್ಮದೇ. ಅಂದಿನಿಂದ ಅರ್ಧ ಶತಮಾನ ದಾಟಿದೆ. ಈ ಅವಧಿಯಲ್ಲಿ ಹಳೆಯ ಬಾಂಬರುಗಳಿಗೆ ಮರುಜೀವ ಕೊಡುವ ಹುಚ್ಚು ಹಿಡಿಸಿಕೊಂಡವರು ಅಮೆರಿಕ, ಇಂಗ್ಲೆಂಡ್, ಕೆನಡಾಗಳಲ್ಲಿ ನೂರಾರು ಮಂದಿ ಹುಟ್ಟಿಕೊಂಡರು. ಅವರಿಗೆ ಕೈಗೂಡಿದ್ದೆಷ್ಟು, ಕೈಜಾರಿದ್ದೆಷ್ಟು ಎಂದು ಲೆಕ್ಕ ಹಾಕಲು ಹೊರಟರೆ ದಾರಿ ಬೆಂಗಳೂರಿನ ವಿಮಾನಪುರದ ಮೂಲಕವೇ ಹಾದುಹೋಗುತ್ತದೆ.

ಎರಡನೇ ಮಹಾಯುದ್ಧದಲ್ಲಿ 18,000ಕ್ಕೂ ಹೆಚ್ಚು ಲಿಬರೇಟರುಗಳು ತಯಾರಾದವು. ನಾಲ್ಕು ಎಂಜಿನ್‌ಗಳ ಭಾರೀ ಬಾಂಬರುಗಳಲ್ಲಿ ಇಷ್ಟು ಸಂಖ್ಯೆಯಲ್ಲಿ ಇನ್ಯಾವುದೂ ತಯಾರಾಗಿಲ್ಲ. ಮಿಷಿಗನ್ನಿನ ವಿಲೋ ರನ್‌ನಲ್ಲಿದ್ದ ಫೋರ್ಡ್ ಕಾರ್ಖಾನೆ ಕೆಲಸ ಬಿರುಸಾಗಿದ್ದಾಗ ಹೆಚ್ಚುಕಡಿಮೆ ಗಂಟೆಗೊಂದರಂತೆ ಹೊರಗೆ ಬಿಡುತ್ತಿತ್ತು. ಇಂದು ಇಡಿಯಾಗಿ ಉಳಿದಿರುವವು ಇಪ್ಪತ್ತೂ ಇಲ್ಲ. ಯುದ್ಧ ಮುಗಿದದ್ದೇ ತಡ, ಅಮೆರಿಕದ ಮರಳುಗಾಡಿನಲ್ಲಿ ಸಾಲಾಗಿ ನಿಲ್ಲಿಸಿ ಕಡಿದು ಕರಗಿಸಿ ಅಲ್ಯೂಮಿನಿಯಂ ಗಟ್ಟಿ ಮಾಡಿದರು. ಉಳಿದ ಆ ಕೆಲವುಗಳಲ್ಲಿ ದೊಡ್ಡ ಪಾಲು ಭಾರತದಿಂದ ಹೋದವು ಎಂಬುದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು?

ಕಥೆಯ ಒಂದು ಎಳೆ ಕೋಲಾರದಲ್ಲಿದೆ. ಯುದ್ಧಕಾಲದಲ್ಲಿ ಬ್ರಿಟಿಷ್ ವಾಯುಪಡೆ ಲಿಬರೇಟರ್ ಹಾರಿಸುವವರನ್ನು ಅಲ್ಲಿ ತಯಾರು ಮಾಡುತ್ತಿತ್ತು. 1944ರ ನವೆಂಬರಿನಲ್ಲಿ ಅದರ 358ನೇ ಸ್ಕ್ವಾಡ್ರನ್ ರೂಪುಗೊಂಡದ್ದೂ ಅಲ್ಲಿಯೇ. ಬಂಗಾಳದ ನೆಲೆಗಳಿಂದ ಹಾರಿದ ಲಿಬರೇಟರುಗಳು ಬರ್ಮಾದ ರೈಲುಹಳಿ, ಸೇತುವೆ, ಬಂದರುಗಳ ಮೇಲೆ ಬಾಂಬು ಸುರಿದವು. ವಿಮಾನಪ್ರಿಯರ ಮಾತುಕತೆಯಲ್ಲಿ ಎಂಜಿನ್ನಿನ ಗಡಸು ದನಿಯ ವರ್ಣನೆ ಬೇಕಾದಷ್ಟು ಸಿಗುತ್ತದೆ. ಕೆಳಗೆ ಇದ್ದವರ ಸುದ್ದಿ ಬರುವುದು ಕಡಿಮೆ. ಇದು ಕೊಲ್ಲಲೆಂದೇ ಕಟ್ಟಿದ ಯಂತ್ರ ಎಂಬುದನ್ನು ಮರೆಯದೆ ಮುಂದಿನದನ್ನು ಓದಬೇಕು.

1945ರಲ್ಲಿ ಜಪಾನ್ ಶರಣಾದ ಮೇಲೆ ಈ ವಿಮಾನಗಳು ಯಾರಿಗೂ ಬೇಡವಾದವು. ಅಮೆರಿಕ ಅವನ್ನು ಕೊಟ್ಟದ್ದು ಲೆಂಡ್-ಲೀಸ್ ಎಂಬ ಎರವಲು ಒಪ್ಪಂದದಡಿ. ಬ್ರಿಟನ್ ಹಿಂದಿರುಗಿಸಬೇಕು, ಇಲ್ಲವೇ ನಾಶ ಮಾಡಬೇಕು. ಹಿಂದಿರುಗಿಸುವ ಖರ್ಚು ಯಾರಿಗೆ ಬೇಕಿತ್ತು? ಕಾನ್ಪುರದ ಚಕೇರಿ ನೆಲೆಗೆ ಹತ್ತಾರು ಲಿಬರೇಟರುಗಳನ್ನು ತಂದು, ಇನ್ನೆಂದೂ ಮೇಲೇಳದಂತೆ ಜಜ್ಜಿ, ಒಡೆದು, ಹಾಳುಮಾಡಿ ಬಿಟ್ಟುಹೋದರು. ಸ್ವಾತಂತ್ರ್ಯ ಬಂತು, ಕಾಶ್ಮೀರದಲ್ಲಿ ಕಾಳಗ ಶುರುವಾಯಿತು, ಹೊಸ ದೇಶದ ವಾಯುಪಡೆಯಲ್ಲಿ ಒಂದೇ ಒಂದು ಭಾರೀ ಬಾಂಬರ್ ಇರಲಿಲ್ಲ. ಕೊಳ್ಳಲು ಹಣವೂ ಇರಲಿಲ್ಲ. ಆಗ ಎಲ್ಲರ ಕಣ್ಣು ಚಕೇರಿಯ ಗುಜರಿಯ ಮೇಲೆ ಬಿತ್ತು.

ಕೆಲಸ ಬಂದದ್ದು ಬೆಂಗಳೂರಿನ ವಿಮಾನಪುರದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಗೆ, ಅಂದರೆ ಇಂದಿನ ಎಚ್‌ಎಎಲ್‌ಗೆ. ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜತೆಗೂಡಿ 1940ರಲ್ಲಿ ಶುರುಮಾಡಿದ ಕಾರ್ಖಾನೆ ಅದು. ಯುದ್ಧದ ವರ್ಷಗಳಲ್ಲಿ ಅಮೆರಿಕನ್ ವಿಮಾನಗಳ ದುರಸ್ತಿಯಲ್ಲಿ ಪಳಗಿತ್ತು. ಅಲ್ಲಿನ ಮಂದಿ ಕಾನ್ಪುರಕ್ಕೆ ಹೋದರು. ಒಂದರ ರೆಕ್ಕೆ, ಇನ್ನೊಂದರ ಚಕ್ರ, ಮತ್ತೊಂದರ ಎಂಜಿನ್ ಜೋಡಿಸಿ, ಅಗತ್ಯಕ್ಕೆ ತಕ್ಕಷ್ಟು ತೇಪೆ ಹಾಕಿ, ಒಮ್ಮೆ ಬೆಂಗಳೂರು ಮುಟ್ಟಿದರೆ ಸಾಕು ಎನ್ನುವ ಮಟ್ಟಕ್ಕೆ ತಂದರು. ಅವನ್ನು ಅಲ್ಲಿಂದ ಇಲ್ಲಿಗೆ ಹಾರಿಸಿ ತಂದವರು ಕಂಪನಿಯ ಪರೀಕ್ಷಾ ಪೈಲಟ್ ಜಮ್‌ಶೆಡ್ ಮುನ್ಷಿ. ಒಂದಲ್ಲ, ಎರಡಲ್ಲ, ಮೂವತ್ತಕ್ಕೂ ಹೆಚ್ಚು ವಿಮಾನಗಳು ಈ ರೀತಿ ಎದ್ದು ಬಂದವು. ಬೆಂಗಳೂರಿನಲ್ಲಿ ಅವನ್ನು ಪೂರ್ತಿ ಬಿಚ್ಚಿ ಮತ್ತೆ ಕಟ್ಟಿದರು. 1948ರ ನವೆಂಬರಿನಲ್ಲಿ ವಾಯುಪಡೆಯ 5ನೇ ಸ್ಕ್ವಾಡ್ರನ್ ಲಿಬರೇಟರುಗಳೊಂದಿಗೆ ಶುರುವಾಯಿತು. ಮುಂದೆ 6ನೇ ಸ್ಕ್ವಾಡ್ರನ್ ಅವನ್ನು ಸಮುದ್ರ ಕಾವಲಿಗೆ ಬಳಸಿತು. ಬಿಟ್ಟುಹೋದವರು ಸತ್ತವು ಎಂದುಕೊಂಡಿದ್ದ ವಿಮಾನಗಳು ಇನ್ನೂ ಇಪ್ಪತ್ತು ವರ್ಷ ದುಡಿದವು.

ಇಷ್ಟು ದೊಡ್ಡ ಪ್ರಮಾಣದಲ್ಲಿ ಬಾಂಬರುಗಳನ್ನು ಗುಜರಿಯಿಂದ ಎಬ್ಬಿಸಿದ್ದು ಮತ್ತೆಲ್ಲಿಯೂ ನಡೆದಂತಿಲ್ಲ. ಆದರೂ ಪುನರುಜ್ಜೀವನದ ಇತಿಹಾಸ ಬರೆಯುವವರು ಇದನ್ನು ಪೀಠಿಕೆಯ ಎರಡು ಸಾಲಿನಲ್ಲಿ ಮುಗಿಸುತ್ತಾರೆ. ಕಾರಣ ಊಹಿಸಬಹುದು. ಬೆಂಗಳೂರಿನವರು ಅದನ್ನು ಪ್ರೀತಿಯಿಂದಲ್ಲ, ಗತಿಯಿಲ್ಲದೆ ಮಾಡಿದರು. ಪರಂಪರೆ ಎಂಬ ಮಾತನ್ನು ಅವರು ಆಡಲಿಲ್ಲ. ಸಂಬಳಕ್ಕೆ ತಗಡು ಬಡಿದವರ ಹೆಸರು ಫಲಕದ ಮೇಲೆ ಬರುವುದಿಲ್ಲ.

ನಿವೃತ್ತಿಯ ಸುತ್ತಮುತ್ತಲಿನ ವರ್ಷಗಳಲ್ಲಿ ವಿದೇಶಿ ವಸ್ತುಸಂಗ್ರಹಾಲಯಗಳು ಸಾಲುಗಟ್ಟಿದವು. 1968ರಲ್ಲಿ ಒಂದು ಕೆನಡಾಕ್ಕೆ, ಮರುವರ್ಷ ಮತ್ತೊಂದು ಅರಿಜೋನಾದ ಪಿಮಾ ಸಂಗ್ರಹಾಲಯಕ್ಕೆ, 1974ರಲ್ಲಿ ಇನ್ನೊಂದು ಬ್ರಿಟಿಷ್ ವಾಯುಪಡೆಯ ಸಂಗ್ರಹಾಲಯಕ್ಕೆ ಹೋದವು. ಸ್ವಂತ ರೆಕ್ಕೆಯ ಮೇಲೆ ಹಾರಿಕೊಂಡೇ ಹೋದವು ಎಂಬುದನ್ನು ಗಮನಿಸಬೇಕು. ಇಲ್ಲಿ ಮಾಡಿದ್ದ ಕೆಲಸಕ್ಕೆ ಅದಕ್ಕಿಂತ ದೊಡ್ಡ ಪ್ರಮಾಣಪತ್ರ ಬೇಕಿಲ್ಲ.

ಎಲ್ಲಕ್ಕಿಂತ ಹೆಸರಾದದ್ದು ಬಿಡಿಬಿಡಿಯಾಗಿ ಹೋದ ಒಂದು. ಹದಿಮೂರು ವರ್ಷ ಬಿಸಿಲು ಮಳೆಗೆ ಬಿದ್ದಿದ್ದ ಅದನ್ನು 1981ರಲ್ಲಿ ಡಗ್ ಆರ್ನಾಲ್ಡ್ ಎಂಬ ಬ್ರಿಟಿಷ್ ಸಂಗ್ರಾಹಕ ಕೊಂಡು ಸರಕು ವಿಮಾನದಲ್ಲಿ ಸಾಗಿಸಿದ. 1984ರಲ್ಲಿ ಅಮೆರಿಕದ ರಾಬರ್ಟ್ ಕಾಲಿಂಗ್ಸ್ ಅದನ್ನು ಖರೀದಿಸಿದರು. ಪ್ರದರ್ಶನಕ್ಕೆ ನಿಲ್ಲಿಸಿದರೆ ಸಾಕೆಂಬುದು ಅವರ ಮೊದಲ ಎಣಿಕೆ. ಲಿಬರೇಟರಿನಲ್ಲಿ ಯುದ್ಧ ಮಾಡಿದ್ದ ಮುದುಕರು ಬಿಡಲಿಲ್ಲ: ನಿಂತಿದ್ದರೆ ವರ್ಷಕ್ಕೆ ಕೆಲವು ಸಾವಿರ ಜನ ನೋಡಿಯಾರು, ಊರೂರಿಗೆ ಹಾರಿದರೆ ಲಕ್ಷಗಟ್ಟಲೆ. 1989ರಲ್ಲಿ ಅದು ಫ್ಲಾರಿಡಾದಲ್ಲಿ ಹಾರಿತು. ಮುಂದೆ ‘ವಿಚ್‌ಕ್ರಾಫ್ಟ್’ ಎಂಬ ಹೆಸರಿನಲ್ಲಿ ಅಮೆರಿಕವೆಲ್ಲ ಸುತ್ತಿತು.

ಎಲ್ಲರ ಆಸೆಯೂ ಹೀಗೆ ದಡ ಸೇರಲಿಲ್ಲ. 1947ರಲ್ಲಿ ಗ್ರೀನ್‌ಲ್ಯಾಂಡಿನ ಹೆಪ್ಪುಗಟ್ಟಿದ ಕೆರೆಯ ಮೇಲೆ ಇಳಿದುಬಿಟ್ಟ ‘ಕೀ ಬರ್ಡ್’ ಎಂಬ ಬಿ-29 ಬಾಂಬರ್ ಅರ್ಧ ಶತಮಾನ ಅಲ್ಲೇ ಕೂತಿತ್ತು. ಅದನ್ನು ಹಾರಿಸಿ ತರಲು ಡ್ಯಾರಿಲ್ ಗ್ರೀನಮಯರ್ ಎಂಬವರ ತಂಡ 1994ರಲ್ಲಿ ಅಲ್ಲಿಗೆ ಹೋಯಿತು. ಆ ಚಳಿಯಲ್ಲಿ ದುಡಿದ ಮುಖ್ಯ ಮೆಕ್ಯಾನಿಕ್ ರಿಕ್ ಕ್ರೀಗಿ ಕಾಯಿಲೆ ಬಿದ್ದು ತೀರಿಕೊಂಡರು. ಮರುವರ್ಷದ ಮೇ ತಿಂಗಳಲ್ಲಿ ನಾಲ್ಕೂ ಎಂಜಿನ್‌ಗಳು ಶುರುವಾದವು, ವಿಮಾನ ಮಂಜಿನ ಮೇಲೆ ಉರುಳತೊಡಗಿತು. ಬಾಲದ ಕಡೆ ತಾತ್ಕಾಲಿಕವಾಗಿ ಕಟ್ಟಿದ್ದ ಇಂಧನದ ಡಬ್ಬಿ ಸೋರಿ ಬೆಂಕಿ ಹತ್ತಿತು. ಐವತ್ತು ವರ್ಷ ಹಿಮ ಕಾಪಾಡಿದ್ದು ನೋಡನೋಡುತ್ತ ಬೂದಿಯಾಯಿತು. ಅದೇ ಜಾತಿಯ ‘ಡಾಕ್’ ಕ್ಯಾಲಿಫೋರ್ನಿಯಾದ ಮರಳುಗಾಡಿನಲ್ಲಿ ಬಾಂಬು ಗುರಿ ಅಭ್ಯಾಸದ ಜಾಗದಲ್ಲಿ ಬಿದ್ದಿತ್ತು. ಟೋನಿ ಮಜ್ಜೊಲಿನಿ ಎಂಬವರು 1987ರಲ್ಲಿ ಅದರ ಬೆನ್ನು ಹತ್ತಿದರು. ಹನ್ನೊಂದು ವರ್ಷ ಕಾಗದಪತ್ರಗಳೊಂದಿಗೆ ಹೆಣಗಾಡಿ ಹೊರಗೆಳೆದರು. ಅದು ಹುಟ್ಟಿದ ವಿಚಿಟಾ ಊರಿಗೇ ಹಿಂತಿರುಗಿತು. ಅಲ್ಲಿನ ನಿವೃತ್ತ ವಿಮಾನ ಕೆಲಸಗಾರರು ಸೇರಿದಂತೆ ಊರ ಜನ ಬಿಟ್ಟಿ ದುಡಿದರು. 2016ರ ಜುಲೈನಲ್ಲಿ ಹಾರಿತು. ಒಂದು ಕಡೆ ದುಡುಕು, ಇನ್ನೊಂದು ಕಡೆ ಮೂವತ್ತು ವರ್ಷಗಳ ತಾಳ್ಮೆ. ಗ್ರೀನಮಯರ್ ಧೈರ್ಯವನ್ನು ಮೆಚ್ಚುವವರು ಇಂದಿಗೂ ಇದ್ದಾರೆ. ನಮ್ಮ ಮೆಚ್ಚುಗೆ ಮಜ್ಜೊಲಿನಿಯ ಕಡತಕ್ಕೆ.

ಲೆಕ್ಕದ ಕಹಿ ಪುಟ ಬೇರೆಯೇ ಇದೆ. 2019ರ ಅಕ್ಟೋಬರ್ 2ರಂದು ‘ವಿಚ್‌ಕ್ರಾಫ್ಟ್’ ಹಾರಿಸಿದ ಕಾಲಿಂಗ್ಸ್ ಪ್ರತಿಷ್ಠಾನದ್ದೇ ಒಂದು ಬಿ-17 ಬಾಂಬರ್ ಕನೆಕ್ಟಿಕಟ್‌ನಲ್ಲಿ ಅಪಘಾತಕ್ಕೀಡಾಗಿ ಏಳು ಜನ ಸತ್ತರು; ಅವರಲ್ಲಿ ಐವರು ಹಣ ಕೊಟ್ಟು ಹತ್ತಿದ್ದ ಪ್ರಯಾಣಿಕರು. ತನಿಖೆಯಲ್ಲಿ ಪೈಲಟ್‌ನ ಲೋಪದ ಜತೆ ನಿರ್ವಹಣೆಯ ಕೊರತೆಯೂ ಹೊರಬಿತ್ತು. ಪ್ರಯಾಣಿಕರನ್ನು ಹತ್ತಿಸಿಕೊಳ್ಳುವ ಅನುಮತಿಯನ್ನು ಸರ್ಕಾರ ಹಿಂತೆಗೆದುಕೊಂಡಿತು. 2022ರ ನವೆಂಬರಿನಲ್ಲಿ ಡಲ್ಲಾಸ್ ವೈಮಾನಿಕ ಪ್ರದರ್ಶನದಲ್ಲಿ ಇನ್ನೊಂದು ಬಿ-17ಕ್ಕೆ ಸಣ್ಣ ಯುದ್ಧವಿಮಾನ ಡಿಕ್ಕಿ ಹೊಡೆದು ಆರು ಜನ ಹೋದರು. ಹಾರಿದರೆ ಲಕ್ಷಾಂತರ ಜನ ನೋಡುತ್ತಾರೆ ಎಂಬ ವಾದ ಸುಳ್ಳಲ್ಲ. ಆದರೆ ಎಂಬತ್ತು ವರ್ಷದ ಲೋಹಕ್ಕೆ ಪ್ರೇಕ್ಷಕರ ಎಣಿಕೆ ತಿಳಿಯುವುದಿಲ್ಲ. ಟಿಕೆಟ್ ಮಾರಿ ಜನರನ್ನು ಆಕಾಶಕ್ಕೆ ಒಯ್ಯುವುದನ್ನು ನಿಲ್ಲಿಸಬೇಕು ಎಂದು ನಾವು ಯಾವ ಅಳುಕೂ ಇಲ್ಲದೆ ಹೇಳುತ್ತೇವೆ. ಇಂಗ್ಲೆಂಡಿನ ಈಸ್ಟ್ ಕರ್ಕ್‌ಬಿಯಲ್ಲಿ ಪ್ಯಾಂಟನ್ ಸೋದರರು, 1944ರ ನ್ಯೂರೆಂಬರ್ ದಾಳಿಯಲ್ಲಿ ಸತ್ತ ಅಣ್ಣನ ನೆನಪಿಗೆ, ಒಂದು ಲಂಕಾಸ್ಟರ್ ಬಾಂಬರ್ ಇಟ್ಟರು. ಅದರ ನಾಲ್ಕು ಎಂಜಿನ್‌ಗಳನ್ನೂ ಚಾಲೂ ಮಾಡಿ ನೆಲದ ಮೇಲೆ ಓಡಿಸುತ್ತಾರೆ. ನೋಡಲು ಬಂದವರ ಮೈ ಜುಮ್ಮೆನ್ನಲು ಅಷ್ಟು ಸಾಲದೇ? ಅದನ್ನೂ ಹಾರಿಸುವ ಆಸೆ ಅಲ್ಲಿಯವರಿಗಿದೆ, ಇರಲಿ.

ನಮ್ಮ ಪಾಲಿಗೆ ಉಳಿದದ್ದು ದೆಹಲಿಯ ಪಾಲಂ ಸಂಗ್ರಹಾಲಯದ ಒಂದು ಲಿಬರೇಟರ್. ಹಳೆಯದನ್ನು ಹಾರಿಸುವ ಆಸೆ ನಮ್ಮವರಿಗೂ ಇಲ್ಲದಿಲ್ಲ. 2018ರಲ್ಲಿ ‘ಪರಶುರಾಮ’ ಎಂಬ ಡಕೋಟಾ ಸಾಗಣೆ ವಿಮಾನ ವಾಯುಪಡೆ ಸೇರಿತು. ಅದನ್ನು ಕಾಣಿಕೆ ಕೊಟ್ಟವರು ಆಗ ಸಂಸದರಾಗಿದ್ದ ರಾಜೀವ್ ಚಂದ್ರಶೇಖರ್, ಸಿದ್ಧಪಡಿಸಿದ್ದು ಮಾತ್ರ ಇಂಗ್ಲೆಂಡಿನ ಕಾರ್ಯಾಗಾರ. ಮೂವತ್ತಕ್ಕೂ ಹೆಚ್ಚು ಬಾಂಬರುಗಳನ್ನು ಎಬ್ಬಿಸಿದ ಊರು ಇಂದು ಹಳೆಯ ವಿಮಾನಕ್ಕೆ ಹೊರಗಿನ ಮೆಕ್ಯಾನಿಕ್ ಹುಡುಕುವಂತಾದದ್ದು ಹೇಗೆಂದು ಯಾರಾದರೂ ಕೇಳಬೇಕು.

ಪಾಲಂನದನ್ನು ಕಿತ್ತು ಇಲ್ಲಿಗೆ ತನ್ನಿ ಎಂದು ನಾವು ಕೇಳುವುದಿಲ್ಲ. ಬಿಚ್ಚಿ ಕಟ್ಟುವಾಗ ಹಳೆಯ ವಿಮಾನ ಕಳೆದುಕೊಳ್ಳುವುದೇ ಹೆಚ್ಚು. ಬೇಕಾದದ್ದು ಕಾಗದ: 1948ರ ಕೆಲಸದ ನೋಂದಣಿ ಪುಸ್ತಕಗಳು, ಯಾವ ವಿಮಾನಕ್ಕೆ ಯಾವುದರ ರೆಕ್ಕೆ ಹಾಕಿದರೆಂಬ ಪಟ್ಟಿ, ಫೋಟೊಗಳು, ಲೇತಿನ ಮುಂದೆ ನಿಂತವರ ಹೆಸರು. ಆಗ ಇಪ್ಪತ್ತರ ಹರೆಯದಲ್ಲಿದ್ದವರು ಇಂದು ಬದುಕಿದ್ದರೆ ನೂರರ ಆಸುಪಾಸಿನವರು. ಅವರ ಮನೆಗಳಲ್ಲಿ, ಮಕ್ಕಳ ಟ್ರಂಕುಗಳಲ್ಲಿ ಏನೇನಿದೆಯೋ ಕೇಳಿ ಬರೆದಿಟ್ಟುಕೊಳ್ಳುವ ಕೆಲಸವನ್ನು ಎಚ್‌ಎಎಲ್ ತನ್ನ ಸಂಗ್ರಹಾಲಯದಿಂದಲೇ ಶುರುಮಾಡಬಹುದು. ಕೆನಡಾ, ಅರಿಜೋನಾ, ಲಂಡನ್ನಿನ ಸಂಗ್ರಹಾಲಯಗಳಿಗೆ ಒಂದೊಂದು ಪತ್ರ ಬರೆದು, ತಮ್ಮ ವಿಮಾನದೊಳಗೆ ಬೆಂಗಳೂರಿನ ಯಾವ ಗುರುತು, ಯಾವ ಮುದ್ರೆ, ಯಾವ ತೇಪೆ ಉಳಿದಿದೆ ಎಂದು ವಿಚಾರಿಸಲು ಅಂಚೆ ಖರ್ಚಷ್ಟೇ ಸಾಕು.